ವರ್ಸೋವಾದಿಂದ ಕುಂದಾಪುರದವರೆಗೆ: ಕಡಲಾಮೆಯ ಗೂಡಿಗೆ ಕಾವಲು ಯಾರು?

ಹಕ್ಕಿ ಮುಟ್ಟಿ ಮರಿ ಮಾಡುತ್ತದೆ, ಮೀನು ನೋಡಿ ಮರಿ ಮಾಡುತ್ತದೆ, ಆಮೆಯಾದರೋ ದೂರದಲ್ಲಿದ್ದು ನೆನೆದೇ ಮರಿ ಮಾಡುತ್ತದೆ ಎಂಬ ಮಾತು ನಮ್ಮ ಹಿರಿಯರಲ್ಲಿ ಬಹುಕಾಲದಿಂದ ಪ್ರಚಲಿತವಾಗಿದೆ. ಗುರುವಿನ ಅನುಗ್ರಹವೂ ಹೀಗೆ ಮೂರು ಬಗೆಯದೆಂದು ಹರಿಕಥೆಯ ದಾಸರು ವಿವರಿಸುವುದನ್ನು ನಮ್ಮಲ್ಲಿ ಅನೇಕರು ಬಾಲ್ಯದಲ್ಲಿ ಕೇಳಿರಬಹುದು. ಮಹಾರಾಷ್ಟ್ರದ ಸಂತರ ಪರಂಪರೆಯಲ್ಲಿಯೂ ತಾಯಿ ಆಮೆಯ ದೃಷ್ಟಿಯೇ ಮರಿಗಳನ್ನು ಪೋಷಿಸುತ್ತದೆ ಎಂಬ ಭಾವನೆ ಇದೆ. ಇಲ್ಲಿನ ಹಳೆಯ ದೇವಾಲಯಗಳ ಸಭಾಮಂಟಪದಲ್ಲಿ, ಗರ್ಭಗುಡಿಗೆ ಎದುರಾಗಿ ನೆಲದಲ್ಲಿ ಕೆತ್ತಿರುವ ಕಲ್ಲಿನ ಆಮೆಯನ್ನು ನಾವೆಲ್ಲರೂ ನೋಡಿದ್ದೇವೆ.

ಪ್ರಾಣಿಶಾಸ್ತ್ರದ ದೃಷ್ಟಿಯಿಂದ ಇದು ಕವಿಸಮಯವೇ ಸರಿ. ಕಡಲಾಮೆಯು ಮೊಟ್ಟೆಯಿಟ್ಟು ಮರಳು ಮುಚ್ಚಿ ಹೋದ ಬಳಿಕ ಆ ಗೂಡಿಗೆ ಮತ್ತೆಂದೂ ಮರಳುವುದಿಲ್ಲ. ತನ್ನ ಮರಿಗಳ ಮುಖವನ್ನು ಅದು ನೋಡುವುದೇ ಇಲ್ಲ. ಮೊಟ್ಟೆಗೆ ಕಾವು ಕೊಡುವುದು ಬಿಸಿಲಿಗೆ ಕಾದ ಮರಳು. ಸುಮಾರು ಐವತ್ತು ದಿನಗಳ ಕಾಲ, ತಾಯಿಯೂ ಇಲ್ಲದೆ ಮರೆಯೂ ಇಲ್ಲದೆ, ನೂರಕ್ಕೂ ಮಿಕ್ಕಿದ ಜೀವಗಳು ನಾವು ಸಂಜೆ ವಾಯುವಿಹಾರಕ್ಕೆ ಹೋಗುವ ಮರಳಿನ ಒಂದೂವರೆ ಅಡಿ ಕೆಳಗೆ ಮಲಗಿರುತ್ತವೆ. ತಾಯಿ ನೆನೆಯುವುದಿಲ್ಲವಾದ್ದರಿಂದ ಅವುಗಳನ್ನು ನೆನೆಯುವ ಕೆಲಸ ಬೇರೆ ಯಾರಾದರೂ ಮಾಡಬೇಕಾಗಿದೆ. ಮುಂಬಯಿಯಲ್ಲಿಯೂ ನಮ್ಮ ಕರಾವಳಿಯಲ್ಲಿಯೂ ಅದನ್ನು ಯಾರು ಮಾಡುತ್ತಿದ್ದಾರೆ, ಹೇಗೆ ಮಾಡುತ್ತಿದ್ದಾರೆ ಎಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶ.

2018ರ ಮಾರ್ಚ್ ತಿಂಗಳಲ್ಲಿ ವರ್ಸೋವಾ ಕಡಲತೀರದಲ್ಲಿ ಎಂಬತ್ತರಷ್ಟು ಆಲಿವ್ ರಿಡ್ಲೆ ಆಮೆಮರಿಗಳು ಮರಳಿನಿಂದ ಹೊರಬಂದು ಸಮುದ್ರ ಸೇರಿದ ಸುದ್ದಿ ನಗರದ ಪತ್ರಿಕೆಗಳಲ್ಲೆಲ್ಲ ಪ್ರಕಟವಾಯಿತು. ಸುಮಾರು ಎರಡು ದಶಕಗಳ ಬಳಿಕ ಇಂತಹ ದೃಶ್ಯ ಕಂಡಿತೆಂದು ಅಂದು ವರದಿಯಾಗಿತ್ತು. ವರ್ಸೋವಾದ ಹಿಂದಿನ ಸ್ಥಿತಿಯನ್ನು ಅಂಧೇರಿ, ಜೋಗೇಶ್ವರಿ ಪರಿಸರದ ಕನ್ನಡಿಗರಿಗೆ ಹೇಳಬೇಕಾಗಿಲ್ಲ. ಪ್ಲಾಸ್ಟಿಕ್ ಚೀಲ, ಹರಿದ ಬಲೆ, ಚಪ್ಪಲಿ, ಬಾಟಲಿಗಳ ರಾಶಿಯಲ್ಲಿ ಮರಳು ಎಲ್ಲಿದೆಯೆಂದು ಹುಡುಕಬೇಕಾಗಿತ್ತು. 2015ರ ಅಕ್ಟೋಬರಿನಲ್ಲಿ ವಕೀಲ ಅಫ್ರೋಜ್ ಷಾ ಅವರು 84 ವರ್ಷ ಪ್ರಾಯದ ನೆರೆಯವರೊಬ್ಬರನ್ನು ಜೊತೆಗೂಡಿಸಿಕೊಂಡು ಅಲ್ಲಿ ಕಸ ಹೆಕ್ಕಲಾರಂಭಿಸಿದರು. ವಾರದಿಂದ ವಾರಕ್ಕೆ ಜನ ಸೇರಿದರು. ಕೋಳಿ ಮೀನುಗಾರರು, ಶಾಲೆಯ ಮಕ್ಕಳು, ಸಮೀಪದ ಕೊಳೆಗೇರಿಯ ನಿವಾಸಿಗಳು, ಚಿತ್ರನಟರು ಎಲ್ಲರೂ ಕೈಜೋಡಿಸಿದರು. ಸಾವಿರಾರು ಟನ್ ಕಸ ತೆರವಾಯಿತು. 2016ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು ಷಾ ಅವರಿಗೆ ಚಾಂಪಿಯನ್ಸ್ ಆಫ್ ದಿ ಅರ್ಥ್ ಪ್ರಶಸ್ತಿ ನೀಡಿ ಗೌರವಿಸಿತು. ಮರಿಗಳು ಕಂಡ ದಿನ ಸ್ವಯಂಸೇವಕರು ಬೀದಿನಾಯಿಗಳು ಹತ್ತಿರ ಸುಳಿಯದಂತೆ ಕಾವಲು ನಿಂತು ಅವುಗಳನ್ನು ನೀರಿಗೆ ತಲುಪಿಸಿದರು.

ತೀರವನ್ನು ಶುಚಿಗೊಳಿಸಿದ ಕಾರಣಕ್ಕೆ ಆಮೆಗಳು ಮರಳಿ ಬಂದವು ಎಂದು ಆಗ ಎಲ್ಲರೂ ಬರೆದರು. ಕೇಳಲು ಹಿತವಾದ ಮಾತು. ಆದರೆ ಅದು ಪೂರ್ಣ ಸತ್ಯವೆಂದು ಒಪ್ಪಲು ನನಗೆ ಸ್ವಲ್ಪ ಹಿಂಜರಿಕೆ. ಕಡಲಾಮೆ ಪ್ರಾಯಕ್ಕೆ ಬಂದು ಮೊಟ್ಟೆಯಿಡಲು ಹತ್ತು ಹದಿನೈದು ವರ್ಷಗಳೇ ಬೇಕು. ಆದ್ದರಿಂದ 2018ರಲ್ಲಿ ವರ್ಸೋವಾಕ್ಕೆ ಬಂದ ತಾಯಿ, ಕಸ ಹೆಕ್ಕುವ ಕಾರ್ಯ ಆರಂಭವಾಗುವ ಬಹಳ ಮೊದಲೇ ಎಲ್ಲಿಯೋ ಹುಟ್ಟಿ ಕಡಲಲ್ಲಿ ಬೆಳೆದಿದ್ದಂತಹದು. ಮಧ್ಯದ ವರ್ಷಗಳಲ್ಲಿಯೂ ಒಂದೆರಡು ಆಮೆಗಳು ರಾತ್ರಿಯ ಕತ್ತಲಲ್ಲಿ ಬಂದು, ಕಸದ ನಡುವೆ ಜಾಗ ಸಿಗದೆ ಹಿಂದಿರುಗಿರಬಹುದು. ಮೊಟ್ಟೆಯಿಟ್ಟಿದ್ದರೂ ನಾಯಿಗಳ ಪಾಲಾಗಿರಬಹುದು. ಶುಚಿಗೊಂಡ ತೀರ ಆಮೆಗೆ ಮರಳನ್ನು ಒದಗಿಸಿತು ಎಂಬುದು ನಿಜ. ಅದಕ್ಕಿಂತ ಮಿಗಿಲಾಗಿ, ಪ್ರತಿವಾರ ತೀರಕ್ಕೆ ಬಂದು ಬಗ್ಗಿ ನೋಡುವ ನೂರಾರು ಕಣ್ಣುಗಳನ್ನು ಅದು ಒದಗಿಸಿತು. ಮರಿಗಳು ಹೊರಬಂದಾಗ ಅಲ್ಲಿ ನೋಡುವವರಿದ್ದರು, ನೋಡಿದ್ದೇನೆಂದು ಅರಿಯುವವರೂ ಇದ್ದರು.

ಈ ಅರಿವು ಎಂತಹ ಬದಲಾವಣೆ ತರಬಲ್ಲದು ಎಂಬುದಕ್ಕೆ ಮುಂಬಯಿಯಿಂದ ಇನ್ನೂರು ಕಿಲೋಮೀಟರಿಗೆ ತುಸು ಹೆಚ್ಚು ದೂರದಲ್ಲಿರುವ ವೇಳಾಸ್ ಗ್ರಾಮಕ್ಕಿಂತ ಉತ್ತಮ ಉದಾಹರಣೆ ಬೇರಿಲ್ಲ. ರತ್ನಾಗಿರಿ ಜಿಲ್ಲೆಯ ಮಂಡಣಗಡ ತಾಲೂಕಿನ, ಸಾವಿತ್ರಿ ನದಿ ಕಡಲು ಸೇರುವ ಬಾಣಕೋಟದ ಸಮೀಪದ ಸಣ್ಣ ಹಳ್ಳಿಯಿದು. ಪೇಶ್ವೆಯರ ಕಾಲದ ನಾನಾ ಫಡ್ನವೀಸರ ಮೂಲ ಊರೆಂದು ಇತಿಹಾಸಪ್ರಿಯರಿಗೆ ಪರಿಚಿತ. 2002ರಲ್ಲಿ ಚಿಪಳೂಣದ ಸಹ್ಯಾದ್ರಿ ನಿಸರ್ಗ ಮಿತ್ರ ಸಂಸ್ಥೆಯ ಭಾವೂ ಕಾಟ್ದರೆ ಮತ್ತು ಸಂಗಡಿಗರು ಬಿಳಿಹೊಟ್ಟೆಯ ಕಡಲ ಹದ್ದಿನ ಗೂಡುಗಳ ಸಮೀಕ್ಷೆಗೆಂದು ಈ ಭಾಗದಲ್ಲಿ ಅಲೆಯುತ್ತಿದ್ದಾಗ, ತೀರದಲ್ಲಿ ಅಗೆದು ಬರಿದುಮಾಡಿದ ಆಮೆಯ ಗೂಡು ಅವರ ಕಣ್ಣಿಗೆ ಬಿತ್ತು. ವಿಚಾರಿಸಿದಾಗ ಊರವರು ಮುಚ್ಚುಮರೆಯಿಲ್ಲದೆ ಹೇಳಿದರು: ಆಮೆ ಬರುತ್ತದೆ, ಮೊಟ್ಟೆಯಿಡುತ್ತದೆ, ನಾವು ತೆಗೆದು ತಿನ್ನುತ್ತೇವೆ, ಮಾರುತ್ತೇವೆ. ಅದರಲ್ಲಿ ಅವರಿಗೆ ಅಪರಾಧವೇನೂ ತೋರಿರಲಿಲ್ಲ. ನಮ್ಮ ಕರಾವಳಿಯಲ್ಲಿಯೂ ಒಂದು ಕಾಲಕ್ಕೆ ಇದೇ ಪದ್ಧತಿ ಇದ್ದುದನ್ನು ಹಿರಿಯರು ಬಲ್ಲರು.

ಕಾನೂನು ಇರಲಿಲ್ಲವೆಂದಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೆಯ ಅನುಸೂಚಿಗೆ ಕಡಲಾಮೆಗಳು 1977ರಲ್ಲಿಯೇ ಸೇರಿವೆ. ಹುಲಿಗೆ ಇರುವಷ್ಟೇ ರಕ್ಷಣೆ ಕಡಲಾಮೆಗೂ ಅದರ ಮೊಟ್ಟೆಗೂ ಇದೆ. ಆದರೆ ನಡುರಾತ್ರಿಯಲ್ಲಿ ನಿರ್ಜನ ತೀರಕ್ಕೆ ಕಾಯಿದೆ ನಡೆದು ಬರುವುದಿಲ್ಲವಷ್ಟೆ. ಸಂಸ್ಥೆಯವರು ಪೊಲೀಸರನ್ನು ಕರೆತರುವ ಬದಲು ಮೊಟ್ಟೆ ತೆಗೆಯುವ ಕೈಗಳಿಗೇ ಕಾವಲಿನ ಕೆಲಸ ಒಪ್ಪಿಸಿದರು. ಆಮೆಯ ಜಾಡು ಹಿಡಿಯುವುದರಲ್ಲಿ ಅವರಿಗಿಂತ ನಿಪುಣರು ಯಾರಿದ್ದಾರೆ? ಹಳ್ಳಿಯ ಶಾಲೆಯಲ್ಲಿ, ದೇವಸ್ಥಾನದ ಅಂಗಳದಲ್ಲಿ, ಮೀನುಗಾರರ ಸಭೆಯಲ್ಲಿ ಮಾತುಕತೆಗಳು ನಡೆದವು. 2006ರಿಂದ ಅಲ್ಲಿ ಕಾಸವ ಮಹೋತ್ಸವ, ಅಂದರೆ ಆಮೆ ಉತ್ಸವ ನಡೆಯುತ್ತ ಬಂದಿದೆ. ಮುಂಬಯಿ, ಪುಣೆಯಿಂದ ಬರುವ ಕುಟುಂಬಗಳು ಹಳ್ಳಿಯ ಮನೆಗಳಲ್ಲಿಯೇ ಇಳಿದುಕೊಳ್ಳುತ್ತವೆ. ಆ ಮನೆಯ ಗೃಹಿಣಿಯರು ಅಕ್ಕಿ ರೊಟ್ಟಿ, ಸೋಲಕಡಿ, ಉಕಡೀಚೆ ಮೋದಕ ಬಡಿಸಿ ನಾಲ್ಕು ಕಾಸು ಸಂಪಾದಿಸುತ್ತಾರೆ. ಮೊಟ್ಟೆ ಮಾರಿದರೆ ಒಂದು ದಿನದ ಸಂತೆ ಖರ್ಚು. ಮರಿ ಬಿಟ್ಟರೆ ಇಡೀ ಋತುವಿನ ಆದಾಯ. ಈ ಲೆಕ್ಕ ಊರಿಗೆ ಹಿಡಿಸಿತು. ಮುಂದೆ ಅಂಜರ್ಲೆ ಮೊದಲಾದ ಊರುಗಳೂ ಇದೇ ದಾರಿ ಹಿಡಿದವು. ಇಂದು ರಾಯಗಡ, ರತ್ನಾಗಿರಿ, ಸಿಂಧುದುರ್ಗ ಈ ಮೂರು ಜಿಲ್ಲೆಗಳ ತೀರಗಳಲ್ಲಿ ರಾಜ್ಯದ ಅರಣ್ಯ ಇಲಾಖೆ ಮತ್ತು ಅದರ ಮ್ಯಾಂಗ್ರೋವ್ ಸೆಲ್ ಸ್ಥಳೀಯರ ನೆರವಿನಿಂದ ಗೂಡುಗಳನ್ನು ಕಾಯುತ್ತಿವೆ.

ಗೂಡು ಕಾಯುವುದೆಂದರೆ ಏನು ಎಂಬುದನ್ನು ಸ್ವಲ್ಪ ವಿವರಿಸಿದರೆ ಅನುಚಿತವಾಗದು. ಆಲಿವ್ ರಿಡ್ಲೆ ಕಡಲಾಮೆಗಳಲ್ಲಿ ಗಾತ್ರದಲ್ಲಿ ಸಣ್ಣದು. ಚಿಪ್ಪಿನ ಉದ್ದ ಎರಡು ಅಡಿ ಚಿಲ್ಲರೆ, ತೂಕ ನಲವತ್ತು ಕಿಲೋ ಆಸುಪಾಸು. ಚಳಿಗಾಲದ ರಾತ್ರಿಯಲ್ಲಿ ಹೆಣ್ಣಾಮೆ ಉಬ್ಬರದ ಗೆರೆ ದಾಟಿ ಮೇಲೆ ಬಂದು, ಹಿಂಗಾಲುಗಳಿಂದ ಹೂಜಿಯಾಕಾರದ ಕುಳಿ ತೋಡಿ, ಪಿಂಗ್‌ಪಾಂಗ್ ಚೆಂಡಿನಂತಹ ನೂರರಿಂದ ನೂರಿಪ್ಪತ್ತು ಬಿಳಿ ಮೊಟ್ಟೆಗಳನ್ನಿಟ್ಟು, ಮರಳು ಮುಚ್ಚಿ, ಮೈಯನ್ನು ಎಡಬಲಕ್ಕೆ ಬಡಿದು ನೆಲ ಗಟ್ಟಿ ಮಾಡಿ ಹೋಗುತ್ತದೆ. ಎಲ್ಲ ಕೆಲಸ ಒಂದು ತಾಸಿನಲ್ಲಿ ಮುಗಿಯುತ್ತದೆ. ಉಳಿಯುವುದು ಮರಳಿನ ಮೇಲಿನ ಜಾಡು ಮಾತ್ರ. ಬೆಳಗಾದ ಮೇಲೆ ಗಾಳಿ ಅದನ್ನೂ ಅಳಿಸುತ್ತದೆ. ಕಾವಲುಗಾರನು ಬೆಳಕು ಹರಿಯುವ ಮೊದಲೇ ಮೈಲುಗಟ್ಟಲೆ ನಡೆದು ಜಾಡು ಹುಡುಕಬೇಕು. ನಾಯಿ, ನರಿ, ಮನುಷ್ಯ ಅಥವಾ ಉಬ್ಬರದ ನೀರಿನ ಭಯವಿದ್ದರೆ ಮೊಟ್ಟೆಗಳನ್ನು ತೆಗೆದು ಬೇಲಿ ಕಟ್ಟಿದ ಆವರಣಕ್ಕೆ ಸಾಗಿಸಬೇಕು. ಇಲ್ಲಿ ಒಂದು ಸೂಕ್ಷ್ಮವಿದೆ. ಇಟ್ಟ ಕೆಲವೇ ತಾಸುಗಳಲ್ಲಿ ಭ್ರೂಣವು ಮೊಟ್ಟೆಯ ಮೇಲುಭಾಗದ ಒಳಮೈಗೆ ಅಂಟಿಕೊಳ್ಳುತ್ತದೆ. ಆ ಬಳಿಕ ಮೊಟ್ಟೆ ತಿರುಗಿದರೆ ಭ್ರೂಣ ಸಾಯುತ್ತದೆ. ಆದ್ದರಿಂದ ತಡಮಾಡದೆ, ತಿರುಗಿಸದೆ, ಮೂಲ ಗೂಡಿನಷ್ಟೇ ಆಳದ, ಅದೇ ಆಕಾರದ ಕುಳಿಯಲ್ಲಿ ಇಡಬೇಕಾಗುತ್ತದೆ. ಒಳ್ಳೆಯ ಮನಸ್ಸಿನಿಂದಲೇ ಆದರೂ ತಿಳಿಯದವರು ಮೊಟ್ಟೆ ಮುಟ್ಟಿದರೆ ಕೇಡೇ ಹೆಚ್ಚು.

ಮರಿ ಗಂಡೋ ಹೆಣ್ಣೋ ಎಂಬುದನ್ನು ನಿರ್ಧರಿಸುವುದೂ ಮರಳಿನ ಶಾಖವೇ. ಮರಳು ಹೆಚ್ಚು ಬಿಸಿಯಾದರೆ ಹೆಣ್ಣು ಮರಿಗಳು, ತಂಪಾಗಿದ್ದರೆ ಗಂಡು ಮರಿಗಳು ಹೆಚ್ಚುತ್ತವೆ. ವರ್ಷದಿಂದ ವರ್ಷಕ್ಕೆ ಏರುತ್ತಿರುವ ಬೇಸಿಗೆಯ ಪರಿಣಾಮವನ್ನು ಇದರಿಂದ ಊಹಿಸಬಹುದು. ಹೊರಬಂದ ಮರಿ ಅತ್ಯಂತ ಬೆಳಕಾದ ದಿಗಂತದ ಕಡೆಗೆ ತೆವಳುತ್ತದೆ. ಪ್ರಕೃತಿಯಲ್ಲಿ ಅದು ಕಡಲು. ನಮ್ಮ ನಗರದಲ್ಲಿ ಅದು ರಸ್ತೆಯ ದೀಪಸ್ತಂಭ, ಹೋಟೆಲಿನ ವಿದ್ಯುದ್ದೀಪಾಲಂಕಾರ.

ತೀರದ ಮಾತು ಹೀಗಾದರೆ, ಕಡಲಿನಲ್ಲಿ ದೊಡ್ಡ ಆಮೆಗಳ ಸಾವಿಗೆ ಮುಖ್ಯ ಕಾರಣ ಬಲೆ. ಆಮೆ ನೀರಲ್ಲಿದ್ದರೂ ಗಾಳಿಯನ್ನೇ ಉಸಿರಾಡುವ ಜೀವಿ. ತಾಸುಗಟ್ಟಲೆ ಎಳೆಯುವ ಟ್ರಾಲ್ ಬಲೆಯಲ್ಲಿ ಸಿಕ್ಕಿದರೆ ಮೇಲೆ ಬರಲಾಗದೆ ಮುಳುಗಿ ಸಾಯುತ್ತದೆ. ಬಲೆಯೊಳಗೆ ಸರಳುಗಳ ಚೌಕಟ್ಟು ಹೂಡಿ ಆಮೆ ಹೊರಹೋಗಲು ಕಿಂಡಿ ಬಿಡುವ ಸಾಧನವೊಂದಿದೆ. ಟರ್ಟಲ್ ಎಕ್ಸ್‌ಕ್ಲೂಡರ್ ಡಿವೈಸ್, ಬೋಟಿನವರ ಬಾಯಲ್ಲಿ ಟೆಡ್. ಕಿಂಡಿಯಿಂದ ಆಮೆಯ ಜೊತೆಗೆ ಸಿಗಡಿಯೂ ಹೊರಟುಹೋಗುತ್ತದೆಂಬ ಭಯದಿಂದ ನಮ್ಮ ಮೀನುಗಾರರು ಇದನ್ನು ಬಳಸಲು ಹಿಂಜರಿಯುತ್ತ ಬಂದಿದ್ದಾರೆ. ಇದು ಕೇವಲ ದಯೆಯ ಪ್ರಶ್ನೆಯಾಗಿ ಉಳಿದಿಲ್ಲ. ಈ ಸಾಧನ ಬಳಸುತ್ತಿಲ್ಲವೆಂಬ ಕಾರಣಕ್ಕೆ ಅಮೆರಿಕವು 2019ರಲ್ಲಿ ಭಾರತದ ಕಡಲಿನಲ್ಲಿ ಹಿಡಿದ ಸಿಗಡಿಯ ಆಮದನ್ನು ನಿಷೇಧಿಸಿತು. ಮೀನುಗಾರಿಕೆಯನ್ನು ಬಲ್ಲ ನಮ್ಮ ಕುಟುಂಬಗಳಿಗೆ ಇದರ ಪೆಟ್ಟು ಏನೆಂದು ವಿವರಿಸಬೇಕಿಲ್ಲ. ಮಹಾರಾಷ್ಟ್ರ ಸರಕಾರವು 2018ರ ಡಿಸೆಂಬರಿನಲ್ಲಿ ಆರಂಭಿಸಿದ ಯೋಜನೆ ಈ ದಿಸೆಯಲ್ಲಿ ವಿವೇಕದ ಹೆಜ್ಜೆ. ಬಲೆಗೆ ಸಿಕ್ಕ ಸಂರಕ್ಷಿತ ಜಲಚರವನ್ನು ಬಲೆ ಕತ್ತರಿಸಿ ಬಿಟ್ಟ ಮೀನುಗಾರನಿಗೆ 25,000 ರೂಪಾಯಿವರೆಗೆ ಪರಿಹಾರ ಕೊಡಲಾಗುತ್ತದೆ. ಬಲೆ ಹರಿದುಕೊಳ್ಳುವ ನಷ್ಟವನ್ನು ಬಡವನ ಮೇಲೆಯೇ ಹೊರಿಸಿ ಆಮೆಯನ್ನು ಉಳಿಸೆಂದು ಉಪದೇಶಿಸುವುದು ನ್ಯಾಯವಲ್ಲ.

ಗಾಯಗೊಂಡ ಆಮೆಗಳಿಗೆ ಪಾಲಘರ್ ಜಿಲ್ಲೆಯ ಡಹಾಣುವಿನಲ್ಲಿ ಅರಣ್ಯ ಇಲಾಖೆ ಮತ್ತು ಸ್ವಯಂಸೇವಾ ಸಂಸ್ಥೆಯೊಂದರ ಸಹಯೋಗದಲ್ಲಿ ಚಿಕಿತ್ಸಾ ಕೇಂದ್ರ ನಡೆಯುತ್ತಿದೆ. ಮಳೆಗಾಲದಲ್ಲಿ ಕಡಲು ಪ್ರಕ್ಷುಬ್ಧವಾದಾಗ, ತುಂಡಾಗಿ ತೇಲುವ ಅನಾಥ ಬಲೆಗಳಿಗೆ ಸಿಲುಕಿ ಕಾಲು ಕಳೆದುಕೊಂಡ ಆಮೆಗಳು ದಡಕ್ಕೆ ಬಂದು ಬೀಳುತ್ತವೆ. ಜುಹೂ ತೀರದಲ್ಲಿ ಡಾಂಬರಿನ ಉಂಡೆಗಳು ಬಂದು ಬೀಳುವ ಕಾಲವೂ ಅದೇ.

ಆಮೆಗೆ ಮುಂಬಯಿ, ಮಂಗಳೂರು ಎಂಬ ಭೇದವಿಲ್ಲ. 2022ರ ಜನವರಿಯಲ್ಲಿ ಮ್ಯಾಂಗ್ರೋವ್ ಫೌಂಡೇಶನ್ ಮತ್ತು ಭಾರತೀಯ ವನ್ಯಜೀವಿ ಸಂಸ್ಥೆಯವರು ವೇಳಾಸಿನಲ್ಲಿ ಮೊಟ್ಟೆಯಿಟ್ಟ ಆಮೆಯೊಂದಕ್ಕೆ ಉಪಗ್ರಹ ಸಂಪರ್ಕದ ಸಾಧನ ಅಂಟಿಸಿ ‘ಪ್ರಥಮಾ’ ಎಂದು ಹೆಸರಿಟ್ಟರು. ಮರುವರ್ಷ ಗುಹಾಗರದಲ್ಲಿ ‘ಬಾಗೇಶ್ರಿ’ ಮತ್ತು ‘ಗುಹಾ’ಗಳ ಸರದಿ. ಬಾಗೇಶ್ರಿ ನಮ್ಮ ಕರಾವಳಿಗುಂಟ ದಕ್ಷಿಣಕ್ಕೆ ಸಾಗಿ, ಕನ್ಯಾಕುಮಾರಿ ದಾಟಿ ಶ್ರೀಲಂಕೆಯನ್ನೇ ಮುಟ್ಟಿತು. 2025ರ ಜನವರಿಯಲ್ಲಿ ಅದೇ ಗುಹಾಗರದಲ್ಲಿ ಮೊಟ್ಟೆಯಿಡಲು ಬಂದ ಇನ್ನೊಂದು ಆಮೆಯ ಕಾಲಿನಲ್ಲಿ ಲೋಹದ ಗುರುತು ಕಂಡಿತು. ಸಂಖ್ಯೆ ಪರಿಶೀಲಿಸಿದಾಗ ಅದು 2021ರಲ್ಲಿ ಒಡಿಶಾದಲ್ಲಿ ತೊಡಿಸಿದ್ದೆಂದು ತಿಳಿದುಬಂತು. ಪೂರ್ವ ಕರಾವಳಿಯ ಆಮೆ ಬೇರೆ, ಪಶ್ಚಿಮದ್ದು ಬೇರೆ ಎಂದು ತಿಳಿದಿದ್ದ ತಜ್ಞರಿಗೂ ಇದು ಅಚ್ಚರಿ. ಕೊಂಕಣದಲ್ಲಿ ಕಾಪಾಡಿದ ಆಮೆ ಮಲ್ಪೆಯ ಬಲೆಗೆ ಸಿಗಬಹುದು. ಕುಂದಾಪುರದಲ್ಲಿ ಹೊರಟ ಮರಿ ವರ್ಸೋವಾದ ಎದುರಿನಲ್ಲಿ ಪ್ಲಾಸ್ಟಿಕ್ ನುಂಗಬಹುದು.

ಆದುದರಿಂದಲೇ ಈ ವಿಷಯ ಮುಂಬಯಿ ಕನ್ನಡಿಗರಿಗೆ ಎರಡು ಕಡೆಯಿಂದ ಸಂಬಂಧಿಸಿದ್ದು. ನಮ್ಮಲ್ಲಿ ಬಹುಮಂದಿಗೆ ಒಂದು ಮನೆ ಇಲ್ಲಿ, ಇನ್ನೊಂದು ಮನೆ ಊರಿನಲ್ಲಿ. ಕುಂದಾಪುರದ ಕೋಡಿ ತೀರದಲ್ಲಿ ಈಚಿನ ವರ್ಷಗಳಲ್ಲಿ ಅರಣ್ಯ ಇಲಾಖೆಯವರೂ ಸ್ಥಳೀಯ ಯುವಕರೂ ಗೂಡುಗಳಿಗೆ ಬೇಲಿ ಕಟ್ಟಿ ಮರಿಗಳನ್ನು ಕಡಲಿಗೆ ಬಿಡುತ್ತಿದ್ದಾರೆ. ಮಂಗಳೂರಿನ ಸಸಿಹಿತ್ಲು, ತಣ್ಣೀರುಬಾವಿ ತೀರಗಳಲ್ಲಿ 2024ರಲ್ಲಿ ಗೂಡುಗಳು ಪತ್ತೆಯಾದಾಗ ಅವುಗಳಿಗೂ ಕಾವಲು ಏರ್ಪಟ್ಟಿತು. ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಖಾಸಗಿ ಬಂದರು ಯೋಜನೆಯನ್ನು ವಿರೋಧಿಸುವ ಮೀನುಗಾರರು ಆ ತೀರ ಕಡಲಾಮೆ ಮೊಟ್ಟೆಯಿಡುವ ಜಾಗವೆಂಬುದನ್ನೂ ತಮ್ಮ ವಾದದಲ್ಲಿ ಮುಂದಿಟ್ಟಿದ್ದಾರೆ. ತಮ್ಮ ಬದುಕು ಮತ್ತು ಆಮೆಯ ಗೂಡು ಒಂದೇ ಮರಳಿನ ಮೇಲಿದೆ ಎಂಬುದು ಅವರ ಮಾತು.

ಇಲ್ಲಿ ಸುಲಭವಲ್ಲದ ಪ್ರಶ್ನೆಗಳೂ ಇವೆ. ಮರವಂತೆಯಿಂದ ಉಳ್ಳಾಲದವರೆಗೆ ಕಡಲ್ಕೊರೆತಕ್ಕೆ ಅಡ್ಡವಾಗಿ ಕರಿಕಲ್ಲಿನ ತಡೆಗೋಡೆ ಹಾಕಿರುವುದನ್ನು ಊರಿಗೆ ಹೋದಾಗಲೆಲ್ಲ ಕಾಣುತ್ತೇವೆ. ಗೋಡೆ ಮನೆಯನ್ನು ಉಳಿಸುತ್ತದೆ, ಆದರೆ ಆಮೆಗೆ ಮೇಲೇರುವ ಮರಳನ್ನೇ ಇಲ್ಲವಾಗಿಸುತ್ತದೆ. ಅಜ್ಜನ ಮನೆ ಕಡಲ ಪಾಲಾಗುತ್ತಿರುವವನಿಗೆ ಆಮೆಯ ಕಥೆ ಹೇಳಲು ಯಾರಿಗೂ ಬಾಯಿ ಬಾರದು. ಆದರೆ ದೀಪದ ವಿಷಯ ಹಾಗಲ್ಲ. ಮುಂಬಯಿಯಲ್ಲಿ ದುಡಿದ ಹಣದಿಂದ ಊರ ಕಡಲ ಬದಿಯಲ್ಲಿ ಮನೆಯನ್ನೋ ರೆಸಾರ್ಟನ್ನೋ ಕಟ್ಟಿಸುವವರು, ಡಿಸೆಂಬರಿನಿಂದ ಏಪ್ರಿಲ್ ತನಕ ಕಡಲಿಗೆ ಮುಖಮಾಡಿದ ದೀಪಗಳನ್ನು ರಾತ್ರಿ ಆರಿಸಿದರೆ, ಇಲ್ಲವೆ ಕೆಳಮುಖವಾಗಿ ತಿರುಗಿಸಿದರೆ ಯಾರಿಗೂ ನಷ್ಟವಿಲ್ಲ.

ಜನಶಿಕ್ಷಣವೆಂಬುದು ಮುಂಬಯಿ ಕನ್ನಡಿಗರಿಗೆ ಹೊಸತಲ್ಲ. ಹಗಲು ಹೋಟೆಲಿನಲ್ಲಿ, ಕಚೇರಿಯಲ್ಲಿ ದುಡಿದು ಇರುಳು ಓದುವ ಹುಡುಗರಿಗಾಗಿ ರಾತ್ರಿಶಾಲೆಗಳನ್ನು ಕಟ್ಟಿ ನಡೆಸಿದ ಪರಂಪರೆ ನಮ್ಮದು. ಕಡಲಿನ ಮಕ್ಕಳಾದ ಮೊಗವೀರರು 1902ರಲ್ಲಿಯೇ ಈ ನಗರದಲ್ಲಿ ತಮ್ಮ ವ್ಯವಸ್ಥಾಪಕ ಮಂಡಳಿಯನ್ನು ಕಟ್ಟಿದರು. ಆದರೆ ಇಂದಿನ ನಮ್ಮ ಮಕ್ಕಳಿಗೆ ಕಡಲೆಂದರೆ ಭೇಲ್‌ಪುರಿ ತಿನ್ನುವ ಚೌಪಾಟಿ ಮಾತ್ರ. ಇದನ್ನು ಬದಲಿಸುವ ಅನುಕೂಲಗಳು ನಗರದೊಳಗೇ ಇವೆ. ಪ್ರದೀಪ್ ಪಾತಾಡೆ ಮತ್ತು ಗೆಳೆಯರು 2017ರಲ್ಲಿ ಆರಂಭಿಸಿದ ಮರೈನ್ ಲೈಫ್ ಆಫ್ ಮುಂಬಯಿ ಬಳಗವು ಇಳಿತದ ವೇಳೆಯಲ್ಲಿ ಹಾಜಿ ಅಲಿ, ಕಾರ್ಟರ್ ರೋಡ್, ಜುಹೂ ತೀರಗಳಲ್ಲಿ ಜನರನ್ನು ಕರೆದೊಯ್ದು ಬಂಡೆಗಳ ನಡುವಿನ ಹವಳ, ಏಡಿ, ಆಕ್ಟೋಪಸ್‌ಗಳನ್ನು ತೋರಿಸುತ್ತ ಬಂದಿದೆ. ಐರೋಲಿಯಲ್ಲಿ ಮ್ಯಾಂಗ್ರೋವ್ ಸೆಲ್ಲಿನ ಕರಾವಳಿ ಮತ್ತು ಸಾಗರ ಜೀವವೈವಿಧ್ಯ ಕೇಂದ್ರವಿದೆ. ವಾರ್ಷಿಕೋತ್ಸವದ ಛದ್ಮವೇಷಕ್ಕೆ ಖರ್ಚು ಮಾಡುವ ಉತ್ಸಾಹದ ಒಂದಂಶವನ್ನು ನಮ್ಮ ಸಂಘಗಳ ಮಕ್ಕಳ ವಿಭಾಗಗಳು ಇತ್ತ ತಿರುಗಿಸಬಾರದೇಕೆ ಎಂದು ಕೇಳಬೇಕೆನಿಸುತ್ತದೆ.

ತೀರದಲ್ಲಿ ನಡೆಯುವಾಗ ಆಮೆ ಎದುರಾದರೆ ಮಾಡಬೇಕಾದುದು ಸರಳ. ಮೊಟ್ಟೆಯಿಡುವ ಆಮೆಯಾದರೆ ಹಿಂದೆ ಸರಿದು ಸದ್ದಿಲ್ಲದೆ ನಿಲ್ಲುವುದು, ಮೊಬೈಲಿನ ಬೆಳಕು ಹಾಯಿಸದಿರುವುದು. ದಡಕ್ಕೆ ಬಿದ್ದ ಆಮೆಯನ್ನು ಕನಿಕರದಿಂದ ನೀರಿಗೆ ನೂಕುವವರಿದ್ದಾರೆ, ಅದು ಸಲ್ಲದು. ನಿತ್ರಾಣಗೊಂಡೇ ಅದು ದಡ ಸೇರಿರುತ್ತದೆ. ನೆರಳು ಮಾಡಿ, ಮೂಗು ಮುಚ್ಚದಂತೆ ಚಿಪ್ಪಿನ ಮೇಲೆ ಒದ್ದೆ ಬಟ್ಟೆ ಹೊದಿಸಿ, ಮಹಾರಾಷ್ಟ್ರ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಬೇಕು. ಮರಿಗಳನ್ನು ಕೈಯಲ್ಲಿ ಎತ್ತಿ ನೀರಿಗೆ ಬಿಡುವುದೂ ಬೇಡ. ಮರಳಿನ ಮೇಲಿನ ಆ ಕೆಲವು ಗಜಗಳ ತೆವಳುವಿಕೆ ಅವುಗಳಿಗೆ ಅಗತ್ಯ.

ವೇಳಾಸಿಗೆ ಹೋಗಬೇಕೆಂದಿರುವ ಕುಟುಂಬಗಳಿಗೆ ಒಂದು ಸೂಚನೆ. ಉತ್ಸವದ ದಿನಾಂಕ ಪಂಚಾಂಗ ನೋಡಿ ಇಡುವಂತಹದಲ್ಲ. ಆಯಾ ವರ್ಷ ಗೂಡುಗಳು ಯಾವಾಗ ಆದವು ಎಂಬುದರ ಮೇಲೆ ಫೆಬ್ರವರಿಯಿಂದ ಏಪ್ರಿಲ್ ನಡುವೆ ನಿಗದಿಯಾಗುತ್ತದೆ. ಗೂಡಿನ ಮೇಲೆ ಮುಚ್ಚಿದ ಬುಟ್ಟಿಯನ್ನು ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಎತ್ತಿ ನೋಡುತ್ತಾರೆ. ಕೆಲವು ದಿನ ಮೂವತ್ತು ಮರಿಗಳಿರುತ್ತವೆ, ಕೆಲವು ದಿನ ಬರೇ ಮರಳು. ಒಂದೇ ಹೊತ್ತು ನೋಡಿ ಬೇಸರದಿಂದ ಹಿಂದಿರುಗುವ ಬದಲು ಎರಡು ರಾತ್ರಿ ಉಳಿಯುವಂತೆ ಹೋಗುವುದು ಲೇಸು.